ಮಗನ ಅಂಗಿ ಹಿಡಿದು ಹೋದ ಸಭೆ

ಯಲ್ಲದಕೆರೆ, ಹಿರಿಯೂರು ತಾಲ್ಲೂಕು
ಭಾನುವಾರ, ೧೭ ಆಗಸ್ಟ್ ೨೦೨೫

ಪ್ರೀತಿಯ ಕೀರ್ತನಾ,

ನಿನಗೂ ಮೊಮ್ಮಗಳು ಪಲ್ಲವಿಗೂ ನಿನ್ನ ಅತ್ತೆಯ ಆಶೀರ್ವಾದ. ಇಲ್ಲಿ ನಾವೆಲ್ಲ ಇದ್ದೇವೆ. ಕ್ಷೇಮ ಅಂತ ಬರೆಯಲು ಕೈ ಬರಲಿಲ್ಲ, ಅದಕ್ಕೇ ಇದ್ದೇವೆ ಅಂತ ಬರೆದೆ. ನೀನು ಹೇಗಿದ್ದೀಯ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಪಲ್ಲವಿಯ ನೆಗಡಿ ಹೋಯಿತಾ? ಅವಳನ್ನು ನಡುಮನೆಯಲ್ಲಿ ಕಿಟಕಿ ಪಕ್ಕ ಮಲಗಿಸಬೇಡ, ಆ ಕಿಟಕಿಯ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ನಾನು ಚಿಕ್ಕವಳಿದ್ದಾಗಿನಿಂದಲೂ ಅದು ಹಾಗೇ, ನಮ್ಮಣ್ಣ ಯತ್ತಪ್ಪ ಅದನ್ನು ನಾಳೆ ಸರಿಮಾಡಿಸುತ್ತೇನೆ ಅನ್ನುವುದೂ ಹಾಗೇ. ಅತ್ತಿಗೆಯ ಮಂಡಿ ನೋವು ಹೇಗಿದೆ? ಅಣ್ಣ ಬಿಪಿ ಮಾತ್ರೆ ನುಂಗುತ್ತಿದ್ದಾನೋ ಅಥವಾ ತಲೆ ತಿರುಗಿದ ದಿನ ಮಾತ್ರ ನುಂಗುತ್ತಾನೋ, ನೋಡಿಕೋ. ನಾನು ಕೇಳಿದೆ ಅಂತ ಹೇಳಬೇಡ. ಕೇಳಿದರೆ ಇನ್ನೂ ಸಿಟ್ಟಾಗುತ್ತಾನೆ.

ಬೇರೆಯವರ ಸೊಸೆ ಮನೆ ಬಿಟ್ಟು ಹೋದರೆ ಅವಳ ತವರಿಗೆ ಹೋಗುತ್ತಾಳೆ, ಅತ್ತೆಯಾದವಳು ತನ್ನ ತವರಿಗೆ ಹೋಗಿ ಅತ್ತು ಹಗುರಾಗುತ್ತಾಳೆ. ನನಗೆ ಆ ದಾರಿಯೂ ಇಲ್ಲ. ನೀನು ಹೋಗಿರುವುದೇ ನನ್ನ ತವರಿಗೆ. ಅಣ್ಣನ ಮಗಳನ್ನು ಮಗನಿಗೆ ತಂದುಕೊಂಡರೆ ಎರಡು ಮನೆ ಒಂದೇ ಆಗಿರುತ್ತವೆ ಅಂತ ನಾನೇ ಎಲ್ಲರಿಗಿಂತ ಜೋರಾಗಿ ಹೇಳಿದ್ದೆ. ಈಗ ಅಣ್ಣನಿಗೆ ಫೋನ್ ಮಾಡಿದರೆ 'ಏನು ವಿಷ್ಯ' ಅಂತಾನೆ, ತಂಗಿಗೆ ಹೇಳುವ ದನಿಯಲ್ಲಿ ಅಲ್ಲ, ಬ್ಯಾಂಕಿನವರಿಗೆ ಹೇಳುವ ದನಿಯಲ್ಲಿ. ನಿನ್ನ ಫೋನು ಅವನ ಅಂಗಿ ಜೇಬಿನಲ್ಲಿರುತ್ತದೆ ಅಂತ ಗೊತ್ತು. ನನ್ನ ಫೋನನ್ನು ಮಗ ಬಾಲರಾಜು ದಿನಾ ತೆಗೆದು ನೋಡುತ್ತಾನೆ, ನಿನ್ನ ಜೊತೆ ಮಾತಾಡಿದೆನೋ ಅಂತ. ಹೀಗಾಗಿ ಕಾಗದ. ಅಂಗನವಾಡಿಯಲ್ಲಿ ತೂಕ, ಹಾಜರಿ, ಮೊಟ್ಟೆ ಅಂತ ಬರೆದೂ ಬರೆದೂ ನನ್ನ ಕೈಗೆ ಮನೆ ಮಾತು ಬರೆಯುವ ಅಭ್ಯಾಸ ತಪ್ಪಿದೆ, ಎಲ್ಲಾದರೂ ವರದಿಯ ಹಾಗೆ ಕಂಡರೆ ನಗಬೇಡ. ಪಲ್ಲವಿಯ ಹೆಸರನ್ನು ನಾನಿನ್ನೂ ಹಾಜರಿಯಿಂದ ತೆಗೆದಿಲ್ಲ. ದಿನಾ ಕೂಗುತ್ತೇನೆ, ಉಳಿದ ಮಕ್ಕಳು 'ಬಂದಿಲ್ಲ ಟೀಚರ್' ಅಂತ ಒಟ್ಟಿಗೆ ಹೇಳುತ್ತಾರೆ.

ಆ ದಿನದ ವಿಷಯ ನಿನಗೆ ನಾನು ಹೇಳಬೇಕಾದ್ದಿಲ್ಲ. ಆದರೂ ನನಗೆ ಅದು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಸರಕು ಗಾಡಿಯಲ್ಲಿ ಸಂತೆಗೆ ಕುರಿ ಇಳಿಸಿ ಕುಡಿದು ಬಂದ ಬಾಲರಾಜು, ಮನೆ ಮುಂದೆ ಆಡುತ್ತಿದ್ದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹೊಡೆಸುತ್ತೇನೆ ಅಂತ ಗಾಡಿ ತೆಗೆದ. ನೀನು ಓಡಿದೆ, ನಾನು ಓಡಿದೆ. ಗಾಡಿ ಕಾಲುವೆ ಏರಿಯಿಂದ ಜಾರಿ ವಾಲಿಕೊಂಡು ನಿಂತಿತ್ತು. ಮಗುವಿಗೆ ಏನೂ ಆಗಿರಲಿಲ್ಲ. ಅವಳು ಸ್ಟೇರಿಂಗ್ ಹಿಡಿದುಕೊಂಡು ಇನ್ನೊಂದು ಸುತ್ತು ಅನ್ನುತ್ತಿದ್ದಳು. ನೀನು ಅವಳನ್ನು ಎತ್ತಿಕೊಂಡವಳು ಮನೆಯೊಳಕ್ಕೆ ಬರಲೇ ಇಲ್ಲ, ರಸ್ತೆಯಲ್ಲೇ ನಿಂತು ಬಸ್ಸು ಹತ್ತಿದೆ. ನಿನ್ನ ಮಾವ 'ಸಿಟ್ಟು ಇಳಿದ ಮ್ಯಾಲೆ ಬತ್ತಾಳೆ' ಅಂದರು. ನನಗೆ ನಿನ್ನ ಮುಖ ನೋಡಿದಾಗಲೇ ಅದು ಸಿಟ್ಟಲ್ಲ ಅಂತ ಗೊತ್ತಾಗಿತ್ತು. ನಿನಗೆ ಸಿಟ್ಟು ಬಂದರೆ ನೀನು ಪಾತ್ರೆ ಕುಕ್ಕುತ್ತೀಯ. ಅವತ್ತು ನೀನು ಬಹಳ ಮೆತ್ತಗೆ ನಡೆದುಹೋದೆ.

ನೀನು ಹೋದ ಮೇಲೆ ಅವನು ಕುಡಿಯುವುದು ಕಡಿಮೆಯಾಗಬಹುದು ಅಂದುಕೊಂಡಿದ್ದೆ, ಆಗಲಿಲ್ಲ. ಹೆಚ್ಚೂ ಆಗಲಿಲ್ಲ. ಒಂದೊಂದು ದಿನ ಮುಟ್ಟುವುದಿಲ್ಲ, ಕುರಿ ರೊಪ್ಪ ಗುಡಿಸುತ್ತಾನೆ, ನನ್ನ ಕಾಲು ಒತ್ತುತ್ತಾನೆ, ಪಲ್ಲವಿಯ ಚಪ್ಪಲಿ ತೊಳೆದು ಬಿಸಿಲಿಗಿಡುತ್ತಾನೆ. ಅವತ್ತು ನನಗೆ ನಿನ್ನ ಮೇಲೇ ಸಿಟ್ಟು ಬರುತ್ತದೆ, ಇಷ್ಟು ಒಳ್ಳೆಯ ಹುಡುಗನನ್ನು ಬಿಟ್ಟು ಹೋದಳಲ್ಲ ಅಂತ. ಮಾರನೇ ದಿನ ಮತ್ತೆ ಕುಡಿದು ಬಂದಾಗ ನಿನ್ನ ಹಿಂದೆಯೇ ನಾನೂ ಬಸ್ಸು ಹತ್ತಬೇಕಿತ್ತು ಅನ್ನಿಸುತ್ತದೆ. ಹೀಗೆ ಒಂದೇ ವಾರದಲ್ಲಿ ನಾನು ನಿನ್ನ ಕಡೆಗೂ ಅವನ ಕಡೆಗೂ ಎಷ್ಟು ಸಲ ಓಡಾಡಿದೆನೋ, ನನಗೇ ಲೆಕ್ಕ ಸಿಗಲಿಲ್ಲ.

ಹಿರಿಯೂರಿನಲ್ಲಿ ನಮ್ಮ ತಿಂಗಳ ಮೀಟಿಂಗಿಗೆ ಹೋದಾಗ ಶಾಂತಕ್ಕ ಸಿಕ್ಕಳು. ನಿನಗೂ ಗೊತ್ತಲ್ಲ, ನನ್ನ ಜೊತೆ ಟ್ರೈನಿಂಗ್ ಮಾಡಿದ ಟೀಚರ್, ದಪ್ಪ ಕನ್ನಡಕದವಳು. ಅವಳ ತಮ್ಮ ಮುಂಚೆ ಕುಡಿದು ಬೀಳುತ್ತಿದ್ದವನು ಈಗ ಕುಡಿಯುವುದಿಲ್ಲವಂತೆ. ಯಾವ ದೇವರಿಗೆ ಹೋಗಿದ್ರಿ ಅಂತ ಕೇಳಿದೆ. ದೇವರಲ್ಲ, ಚಿತ್ರದುರ್ಗದಲ್ಲಿ ಒಂದು ಗುಂಪು ಇದೆ, ಕುಡಿತ ಬಿಟ್ಟವರೇ ಸೇರಿ ನಡೆಸುತ್ತಾರೆ, ಭಾನುವಾರ ಮಧ್ಯಾಹ್ನ ಸಭೆ ಇರುತ್ತದೆ ಅಂದಳು. ಫೋನ್ ನಂಬರ್ ಕೊಟ್ಟಳು. ಗೋಡೆ ಮೇಲೆ ಬರೆದಿರುತ್ತಾರಲ್ಲ, ರೋಗಿಗೆ ಗೊತ್ತಿಲ್ಲದಂತೆ ಕುಡಿತ ಬಿಡಿಸಲಾಗುವುದು ಅಂತ, ಅಂಥದ್ದೇ ಇರಬೇಕು ಅಂದುಕೊಂಡು ನಾನು ಅಂಗನವಾಡಿಯ ಹಿತ್ತಲಿಗೆ ಹೋಗಿ ಫೋನ್ ಮಾಡಿದೆ. ಒಬ್ಬ ಗಂಡಸು ಬಹಳ ಮರ್ಯಾದೆಯಿಂದ ಮಾತಾಡಿದರು. ಕುಡಿಯೋರು ಯಾರಮ್ಮ ಅಂದರು. ನನ್ನ ಮಗ ಅಂದೆ. 'ಹಂಗಾದ್ರೆ ಅವ್ರೇ ಫೋನ್ ಮಾಡ್ಲಿ, ಅವ್ರೇ ಬರ್ಲಿ' ಅಂದರು. ಅವನು ಬರುವುದಿಲ್ಲ ಸ್ವಾಮಿ ಅಂದೆ. 'ಬರ್ಬೇಕು ಅನ್ನಿಸಿದ್ ದಿನ ಬರ್ಲಿ, ಬಾಗ್ಲು ತೆಗ್ದೇ ಇರ್ತದೆ' ಅಂದರು. ನಾನು ಇದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಎಲ್ಲ ಪೂಜಾರಿಗಳೂ ಮೊದಲು ಹಾಗೇ ಅನ್ನುತ್ತಾರೆ, ರೋಗಿಯನ್ನೇ ಕರಕೊಂಡು ಬಾ ಅಂತ. ಬರಲಾಗದವನ ಬಟ್ಟೆ ತೆಗೆದುಕೊಂಡು ಹೋದರೆ ಆಮೇಲೆ ಒಪ್ಪಿಕೊಳ್ಳುತ್ತಾರೆ. ನಮ್ಮವ್ವ ನಿಮ್ಮಪ್ಪನಿಗೆ ಚಳಿಜ್ವರ ಬಂದಾಗ ಅವನ ಅಂಗಿಯನ್ನೇ ಹೊತ್ತು ದೇವರು ಕೇಳಿಸಿಕೊಂಡು ಬಂದಿದ್ದಳು. ಬಟ್ಟೆ ತಂದವರು ದೇವರ ಮುಂದೆ ರೋಗಿಯಾಗಿಯೇ ಮಾತಾಡಬೇಕು, 'ನನಗೆ ಜ್ವರ ಬಂದೈತೆ' ಅನ್ನಬೇಕು, ಅವನಿಗೆ ಅಂತ ಅಂದರೆ ದೇವರಿಗೆ ಯಾರಿಗೆ ಅಂತ ತಿಳಿಯುವುದಿಲ್ಲ. ನಮ್ಮವ್ವ ಹೇಳಿಕೊಟ್ಟದ್ದು ಹೀಗೆ.

ಬಾಲರಾಜುವಿನ ನೀಲಿ ಚೌಕಳಿ ಅಂಗಿ, ನೀನೇ ದೀಪಾವಳಿಗೆ ತಂದಿದ್ದೆಯಲ್ಲ, ಅದನ್ನು ಒಗೆಯದೆಯೇ ಮಡಚಿ ಚೀಲದಲ್ಲಿಟ್ಟುಕೊಂಡೆ. ಒಗೆದರೆ ಪ್ರಯೋಜನವಿಲ್ಲ, ಮೈ ಬೆವರು ಇರಬೇಕು. ಟ್ರೈನಿಂಗ್ ಇದೆ ಅಂತ ಮನೆಯಲ್ಲಿ ಹೇಳಿ ಹೊರಟೆ. ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಶುರುವಾಯಿತು ನನ್ನ ಪಾಡು. ಇಂಥ ಜಾಗ ಎಲ್ಲಿದೆ ಅಂತ ಹೇಗೆ ಕೇಳುವುದು ಹೇಳು? ಹೆಂಗಸರನ್ನು ಕೇಳಲು ನಾಚಿಕೆ, ಗಂಡಸರನ್ನು ಕೇಳಲು ಭಯ. ಕೊನೆಗೆ ವಯಸ್ಸಾದ ಆಟೋದವನನ್ನು ನೋಡಿ, ಕುಡಿತ ಬಿಟ್ಟವರ ಮೀಟಿಂಗ್ ನಡೆಯುತ್ತದಂತಲ್ಲ, ಅಲ್ಲಿಗೆ ಬಿಡಪ್ಪ ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಬಿಟ್ಟೋರ ಮೀಟಿಂಗು ಎಲ್ಲೈತೋ ನನಿಗೆ ಗೊತ್ತಿಲ್ಲವ್ವ, ಕುಡಿಯೋರ ಮೀಟಿಂಗು ಬೇಕಂದ್ರೆ ಎಲ್ಲಾ ಸರ್ಕಲ್ಲಾಗೂ ಅವೆ' ಅಂದ. ಚಂದ್ರವಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಹಳೇ ಸ್ಕೂಲು ಅಂತ ಫೋನಿನಲ್ಲಿ ಹೇಳಿದ್ದು ನೆನಪಾಗಿ ಅಲ್ಲಿಗೆ ಬಿಡಿಸಿಕೊಂಡೆ. ಆ ಸ್ಕೂಲಿನ ಮುಂದೆ ನಾನು ಅತ್ತಿಂದಿತ್ತ ಎಷ್ಟು ಸಲ ಹಾದುಹೋದೆನೋ. ಗೇಟಿಗೆ ಒಂದು ಸಣ್ಣ ಬೋರ್ಡು ಕಟ್ಟಿದ್ದರು, ಅದರಲ್ಲಿ ತ್ರಿಕೋನದ ಗುರುತು. ತ್ರಿಕೋನ ಕಂಡರೆ ನಮಗೆ ಕುಟುಂಬ ಯೋಜನೆ. ಇಷ್ಟು ವರ್ಷ ಆ ಗುರುತಿನ ಚೀಟಿ ಹಿಡಿದು ಮನೆ ಮನೆ ತಿರುಗಿದ್ದೇನೆ. ಆಪರೇಷನ್ ಕ್ಯಾಂಪ್ ಇರಬೇಕು ಅಂತ ಮುಂದೆ ಮುಂದೆ ಹೋಗುತ್ತಿದ್ದೆ. ಕೊನೆಗೆ ಒಳಗಿನಿಂದ ಒಬ್ಬರು ಬಂದು, 'ಯಾರನ್ನ ಹುಡುಕ್ತಿದೀರಮ್ಮ, ಬರ್ರಿ, ಒಳಗೆ ಕುಂತ್ಕಳ್ರಿ' ಅಂದರು. ದನಿ ಕೇಳಿದೊಡನೆ ಗೊತ್ತಾಯಿತು, ಫೋನಿನವರು. ಹೆಸರು ಗುರುರಾಜ್. ತಲೆ ನರೆತಿದೆ, ಇಸ್ತ್ರಿ ಮಾಡಿದ ಅಂಗಿ, ಯಾವುದೋ ಆಫೀಸಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರ ಹಾಗೆ ಕಂಡರು.

ಒಳಗೆ ನನಗೆ ತಲೆಬುಡ ತಿಳಿಯಲಿಲ್ಲ ಕೀರ್ತನಾ. ದೇವರ ಫೋಟೋ ಇಲ್ಲ, ಡಾಕ್ಟರಿಲ್ಲ, ಸ್ವಾಮಿಗಳಿಲ್ಲ. ಕಬ್ಬಿಣದ ಕುರ್ಚಿಗಳನ್ನು ಸುತ್ತ ಹಾಕಿಕೊಂಡು ಗಂಡಸರು ಕೂತಿದ್ದಾರೆ, ಮದುವೆ ಮನೆಯಲ್ಲಿ ಕೂತ ಹಾಗೆ ಟೀ ಕುಡಿಯುತ್ತಾ ನಗುತ್ತಿದ್ದಾರೆ. ಇವರಲ್ಲಿ ಕುಡುಕರು ಯಾರು, ಬಿಡಿಸುವವರು ಯಾರು ಅಂತ ನೋಡಿದರೆ ಎಲ್ಲರೂ ಒಂದೇ ಥರ. ನನ್ನ ಕೈಗೂ ಟೀ ಕೊಟ್ಟರು. ಯಾರೂ ನನ್ನನ್ನು ಯಾವೂರು ಅಂತ ಕೇಳಲಿಲ್ಲ. ನನಗೆ ಸ್ವಲ್ಪ ಬೇಜಾರೇ ಆಯಿತು, ಹಳ್ಳಿಯವಳು ಅಂತ ಮಾತಾಡಿಸುತ್ತಿಲ್ಲವೇನೋ ಅಂತ. ಹೋಗಲಿ, ನಾನೇ ಮಾತಾಡಿಸೋಣ ಅಂತ ಪಕ್ಕದವನನ್ನು, 'ಯಾವೂರಪ್ಪ ನಿಮ್ದು, ಯಾರ ಮಗ ನೀನು' ಅಂದೆ. ಗುರುರಾಜ್ ನಗುತ್ತಲೇ, 'ಇಲ್ಲಿ ಊರು ಕೇಳಂಗಿಲ್ಲಮ್ಮ, ಮನೆತನಾನೂ ಕೇಳಂಗಿಲ್ಲ, ಹೆಸರಿದ್ರೆ ಸಾಕು' ಅಂದರು. ಊರು ಕೇಳದೆ ಮನುಷ್ಯನ ಜೊತೆ ಮುಂದೇನು ಮಾತಾಡುವುದು, ನನಗಂತೂ ಹೊಳೆಯಲಿಲ್ಲ. ಟೀ ಲೋಟ ನೋಡುತ್ತಾ ಕೂತೆ.

ಆಮೇಲೆ ಒಬ್ಬೊಬ್ಬರಾಗಿ ಶುರುಮಾಡಿದರು. ಹೆಸರು ಹೇಳಿ, ನಾನೊಬ್ಬ ಕುಡಿತದ ರೋಗಿ ಅನ್ನುತ್ತಾರೆ. ಉಳಿದವರೆಲ್ಲ ಅವರ ಹೆಸರು ಹಿಡಿದು ನಮಸ್ಕಾರ ಅನ್ನುತ್ತಾರೆ. ಬಿಟ್ಟು ಎಷ್ಟೋ ವರ್ಷ ಆದವರೂ ರೋಗಿ ಅಂತಲೇ ಅನ್ನುತ್ತಾರೆ. ವಾಸಿಯಾದ ಮೇಲೂ ರೋಗಿ ಅನ್ನುವುದು ಯಾವ ಲೆಕ್ಕ? ನಾನು ಕುಡಿತಕ್ಕೆ ಸೋತೆ, ನನ್ನ ಕೈಲಿ ಆಗಲ್ಲ ಅಂತಾರೆ, ಹಾಗಂದಿದ್ದಕ್ಕೆ ಉಳಿದವರು ತಲೆಯಾಡಿಸುತ್ತಾರೆ. ಒಬ್ಬರು ಹೆಂಡತಿಯ ಮಾಂಗಲ್ಯ ಅಡವಿಟ್ಟದ್ದು ಹೇಳಿದರು, ಯಾರೂ ಬೈಯಲಿಲ್ಲ. ನಾನಾಗಿದ್ದರೆ ಬೈದಿರುತ್ತಿದ್ದೆ. ಹೀಗೆ ನೋಡುತ್ತಿರುವಾಗಲೇ ಸರದಿ ನನ್ನ ಹತ್ತಿರ ಬಂತು. ಇಷ್ಟವಿಲ್ಲದಿದ್ದರೆ ಮಾತಾಡಬೇಕಾಗಿಲ್ಲ ಅಂದರು. ಅಷ್ಟು ದೂರದಿಂದ ಬಂದು ಮಾತಾಡದೆ ಹೋಗುವುದುಂಟೇ. ಚೀಲದಿಂದ ಅಂಗಿ ತೆಗೆದು ತೊಡೆಯ ಮೇಲೆ ಹರಡಿಕೊಂಡೆ. ನಮ್ಮವ್ವ ಹೇಳಿಕೊಟ್ಟ ಹಾಗೆ ಕಣ್ಣು ಮುಚ್ಚಿ, ನಾನು ಬಾಲರಾಜು, ನಾನು ಕುಡಿಯುತ್ತೇನೆ ಅಂದೆ.

ನಗುತ್ತಾರೆ ಅಂದುಕೊಂಡೆ. ಅಷ್ಟೂ ಜನ ಒಂದೇ ದನಿಯಲ್ಲಿ 'ನಮಸ್ಕಾರ ಬಾಲರಾಜು' ಅಂದರು. ಕೀರ್ತನಾ, ನನ್ನ ಮಗನಿಗೆ ನಮಸ್ಕಾರ ಅಂದವರನ್ನು ನೋಡಿ ಎಷ್ಟು ದಿನವಾಗಿತ್ತೋ. ಹಟ್ಟಿಯಲ್ಲಿ ಅವನನ್ನು ಕಂಡರೆ ಜನ ಮಾತು ನಿಲ್ಲಿಸುತ್ತಾರೆ. ಅವನಾಗಿಯೇ ಹೇಳುತ್ತಾ ಹೋದೆ. ನಾನು ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಗಾಡಿ ಓಡಿಸಿದೆ, ಗಾಡಿ ಕಾಲುವೆ ಕಡೆ ಜಾರಿತು, ಮಗು ನಗುತ್ತಿತ್ತು, ನನ್ನ ಕೈ ನನ್ನ ಮಾತು ಕೇಳಲಿಲ್ಲ ಅಂದೆ. ಹಾಗನ್ನುವಾಗ ಪಲ್ಲವಿಯ ಭಾರ ನನ್ನ ತೊಡೆಯ ಮೇಲೆಯೇ ಇದ್ದ ಹಾಗಾಯಿತು. ಕುಡಿಯುವುದು ಯಾಕೆಂದರೆ ಅಂತ ಬಾಯಿ ತೆಗೆದೆ. ಅವನು ಯಾಕೆ ಕುಡಿಯುತ್ತಾನೆ ಅಂತ ನನಗೆ ಗೊತ್ತಿಲ್ಲ. ಹೆತ್ತವಳಿಗೆ ಗೊತ್ತಿಲ್ಲ. ಗೆಳೆಯರು ಕೆಡಿಸಿದರು, ಗಾಡಿ ಕೆಲಸ ಕೆಡಿಸಿತು, ದೃಷ್ಟಿ ತಗುಲಿತು ಅಂತ ಊರಿಗೆಲ್ಲ ಹೇಳಿಕೊಂಡು ಬಂದದ್ದು ಯಾವುದೂ ಅವನ ಬಾಯಲ್ಲಿ ನಿಲ್ಲುವ ಮಾತಲ್ಲ ಅನ್ನಿಸಿತು. ಅಂಗಿ ಮುಖಕ್ಕೆ ಒತ್ತಿಕೊಂಡು ಅತ್ತೆ. ಆ ಗಂಡಸರ ಮಧ್ಯೆ ನಾಚಿಕೆಯಿಲ್ಲದೆ ಅತ್ತೆ. ಒಬ್ಬರು ನೀರು ತಂದುಕೊಟ್ಟರು.

ಸಭೆ ಮುಗಿದ ಮೇಲೆ ಗುರುರಾಜ್ ಗೇಟಿನವರೆಗೂ ಬಂದರು. ತಾಯಿತ, ಪುಡಿ, ಏನಾದರೂ ಕೊಡುತ್ತೀರಾ ಅಂತ ಕೇಳಿದೆ. ಇಲ್ಲ ಅಂದರು. ಅಂಗಿಯ ಕೆಲಸ ಆಯಿತಾ ಅಂದೆ. 'ಅಮ್ಮ, ಅಂಗಿ ಕುಡಿಯಲ್ಲ. ಅವ್ನ ಬದ್ಲಿ ನೀವು ಬರಾಕಾಗಲ್ಲ, ಬಂದ್ರೆ ನಿಮಗಾಗಿ ಬರ್ರಿ' ಅಂದರು. ಕುಡಿಯುವವರ ಮನೆಯವರಿಗೆ ಬೇರೆ ಸಭೆ ಇದೆಯಂತೆ, ಅದೇ ಸ್ಕೂಲಿನಲ್ಲಿ, ಶನಿವಾರ. ಕುಡಿಯದ ನನಗೆ ಯಾಕೆ ಸಭೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಸೊಸೆಯನ್ನು ಕರೆದು ತಂದುಬಿಟ್ಟರೆ ಸರಿಹೋಗುತ್ತಾನಾ ಅಂತ ಕೇಳಿದೆ. ಅದಕ್ಕೆ ಅವರು ತಮ್ಮ ಕಥೆ ಹೇಳಿದರು. ಅವರ ಹೆಂಡತಿಯೂ ಬಿಟ್ಟು ಹೋಗಿದ್ದರಂತೆ. ಪ್ರತಿ ಸಲವೂ ಇವರು ಮಠಕ್ಕೆ ಹೋಗಿ ಆಣೆ ಮಾಡುವುದು, ಹಿರಿಯರು ಕರೆದು ತರುವುದು, ಒಂದಷ್ಟು ದಿನ ಸರಿಯಾಗಿರುವುದು, ಮತ್ತೆ ಕುಡಿಯುವುದು. 'ಕೊನೆಗೊಂದ್ ಸಲ ಆಕೆ ಬರ್ಲಿಲ್ಲ. ಆಮೇಲೆ ನಾನು ಇಲ್ಲಿಗೆ ಬಂದೆ' ಅಂದರು. ನೀವು ಕುಡಿತ ಬಿಟ್ಟ ಮೇಲೆ ಅವರು ಬಂದರಾ ಅಂದೆ. 'ಇಲ್ಲಮ್ಮ' ಅಂದರು. ಹಾಗಿದ್ದರೆ ಯಾವ ಸುಖಕ್ಕೆ ಬಿಟ್ಟಿರಿ ಅಂತ ನನ್ನ ಬಾಯಿಗೆ ಬಂತು, ಕೇಳಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ನಿನಗೆ ಅರ್ಥವಾದರೆ ನನಗೂ ಬರೆದು ತಿಳಿಸು.

ಮನೆಗೆ ಬಂದು ಬಾಲರಾಜುವಿಗೆ ಮುಚ್ಚಿಡದೆ ಹೇಳಿದೆ. ಅವನು ಕೆಂಡವಾದ. 'ನನ್ ಅಂಗಿ ತಗಂಡೋಗಿ ದುರ್ಗದಾಗೆ ಮೆರವಣಿಗೆ ಮಾಡ್ಸಿದ್ಯಾ' ಅಂತ ಕೂಗಾಡಿದ. ಮುದ್ದೆ ತಟ್ಟೆ ಸರಿಸಿ ಎದ್ದುಹೋದ. ಸ್ವಲ್ಪ ಹೊತ್ತಿಗೆ ತಾನೇ ವಾಪಸ್ಸು ಬಂದು, ತಟ್ಟೆ ಎಳೆದುಕೊಂಡು, ತಲೆ ಎತ್ತದೆ, 'ಅವ್ರು ಏನಂದ್ರು' ಅಂದ. ನಮಸ್ಕಾರ ಬಾಲರಾಜು ಅಂದರು ಅಂದೆ. ತಿನ್ನುವುದನ್ನು ನಿಲ್ಲಿಸಿದ. 'ಅಷ್ಟೇನಾ' ಅಂದ. ಅಷ್ಟೇ ಅಂದೆ. ಆ ವಾರ ಪೂರ್ತಿ ನನ್ನ ಹಿಂದೆ ಮುಂದೆ ಸುಳಿದಾಡಿದ. ಕುರ್ಚಿ ಎಷ್ಟಿದ್ದವು, ಪೊಲೀಸರು ಬರುತ್ತಾರಾ, ನಮ್ಮ ಕಡೆಯವರು ಯಾರಾದರೂ ಇದ್ದರಾ ಅಂತ ಒಂದೊಂದೇ ಕೇಳಿದ. ಕೊನೆಯದಕ್ಕೆ ನಾನು ಉತ್ತರ ಹೇಳಲಿಲ್ಲ, ಅಲ್ಲಿ ಕೇಳಿದ್ದು ಅಲ್ಲೇ ಬಿಟ್ಟು ಬರಬೇಕು ಅಂತ ಹೇಳಿದ್ದಾರೆ. ನಿನಗೆ ಇಷ್ಟೆಲ್ಲ ಬರೆಯುವುದೂ ತಪ್ಪೇನೋ. ನೀನು ಯಾರಿಗೂ ಹೇಳಬೇಡ.

ಕಳೆದ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ತಲೆ ಬಾಚಿ, 'ಹೋಗಾಣ ನಡಿಯವ್ವ' ಅಂದ. ನನಗೆ ನಂಬಲಾಗಲಿಲ್ಲ. ಗಾಡಿ ಇನ್ನೂ ಗ್ಯಾರೇಜಿನಲ್ಲಿದೆ, ಬಸ್ಸಿನಲ್ಲಿ ಹೋದೆವು. ಈ ಸಲ ನನ್ನನ್ನು ಒಳಗೆ ಬಿಡಲಿಲ್ಲ, ಜಗಲಿಯಲ್ಲಿ ಕುರ್ಚಿ ಹಾಕಿಕೊಟ್ಟರು. ಕಿಟಕಿ ತೆರೆದಿತ್ತು. ಕೇಳಬಾರದು ಅಂತ ಬೇವಿನ ಮರದ ಕಡೆ ಮುಖ ಮಾಡಿಕೊಂಡು ಕೂತೆ, ಆದರೂ ಕಿವಿ ನನ್ನ ಮಾತು ಎಲ್ಲಿ ಕೇಳುತ್ತದೆ. ಅವನ ಸರದಿ ಬಂದಾಗ 'ನಾನು ಬಾಲರಾಜು' ಅಂದ. ಅಷ್ಟೇ. ಎಲ್ಲರೂ ನಮಸ್ಕಾರ ಅಂದರು. ಮುಂದೇನೂ ಹೇಳಲಿಲ್ಲ, ಆದರೆ ಕೊನೆಯವರೆಗೂ ಕೂತಿದ್ದ. ಹೊರಗೆ ಬಂದಾಗ ಮುಖ ತೊಳೆದವನ ಹಾಗಿದ್ದ. ಬಸ್ಸಿನಲ್ಲಿ ಕಡಲೆಕಾಯಿ ಕೊಡಿಸಿದ. ನನಗೆ ಆದ ಸಂತೋಷ ಬರೆದರೆ ನಿನಗೆ ಅಳು ಬರುತ್ತದೆ, ಬೇಡ.

ಹಿರಿಯೂರಿನಲ್ಲಿ ಇಳಿದು, ಗಾಡಿ ರೆಡಿಯಾಯಿತಾ ನೋಡಿ ಬರುತ್ತೇನೆ, ನೀನು ಹೋಗು ಅಂದ. ಮನೆಗೆ ಬಂದಾಗ ಕುಡಿದಿದ್ದ. ಅವನೇ ಹೊಸ್ತಿಲ ಮೇಲೆ ಕೂತು, 'ಅಲ್ಲಿ ಎಲ್ಲಾರೂ ನನ್ನಂಗೇ ಅವ್ರೆ ಕಣವ್ವ' ಅಂದ. ಸಮಾಧಾನದಿಂದ ಅಂದನೋ, ಹೆದರಿ ಅಂದನೋ, ಇಷ್ಟು ಜನ ಇದ್ದಾರೆ ನನ್ನದೇನು ಮಹಾ ಅಂತ ಅಂದನೋ, ನನಗೆ ತಿಳಿಯಲಿಲ್ಲ. ಮಾರನೇ ದಿನ ನಾನು ಗುರುರಾಜ್ ಅವರಿಗೆ ಫೋನ್ ಮಾಡಿ, ಸಭೆಗೆ ಬಂದು ಹೋಗಿ ಅದೇ ದಿನ ಕುಡಿದಿದ್ದಾನೆ, ನಿಮ್ಮ ಸಭೆ ಅವನಿಗೆ ಹಿಡಿಸಲಿಲ್ಲ ಅಂತ ಕಾಣುತ್ತದೆ ಅಂದೆ. 'ನಾನೂ ಹಂಗೇ ಮಾಡಿದ್ದೆನಮ್ಮ, ಮತ್ತೆ ಬರ್ಲಿ' ಅಂದರು. ಇದನ್ನು ಒಳ್ಳೆಯ ಸುದ್ದಿ ಅಂತ ಬರೆಯಲೋ ಕೆಟ್ಟ ಸುದ್ದಿ ಅಂತ ಬರೆಯಲೋ? ಇವತ್ತೂ ಭಾನುವಾರ. ಅವನು ಎದ್ದು ಗ್ಯಾರೇಜಿಗೆ ಹೋಗಿದ್ದಾನೆ, ಸಭೆಯ ಮಾತೇ ಎತ್ತಲಿಲ್ಲ. ನಾನೂ ಕರೆಯಲಿಲ್ಲ.

ನಿನ್ನ ಮಾವನಿಗೆ ಈ ಗೊಂದಲ ಯಾವುದೂ ಇಲ್ಲ. ಮಗ ಚಿತ್ರದುರ್ಗದ ಸಭೆಗೆ ಹೋಗಿ ಬಂದ ಅಂತ ಹಟ್ಟಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ, ಹರಕೆ ತೀರಿಸಿ ಬಂದ ಹಾಗೆ. ಸಂಜೆ ಕುಡಿದು ಬಂದದ್ದನ್ನು ಅವರು ಲೆಕ್ಕಕ್ಕೇ ಹಿಡಿದಿಲ್ಲ, ಅದು ಕೊನೆಯದಂತೆ. 'ಸಭೆಗೂ ಹೋಗ್ಬಂದವ್ನೆ, ಇನ್ನೇನು ಬೇಕು ಅವ್ರಿಗೆ, ದೇವ್ರ ಭಂಡಾರ ಮುಟ್ಸಿ ಆಣೆ ಮಾಡ್ಸಾಣ, ಹುಡುಗಿನ ಕರ್ಕಂಡು ಬರಾಣ' ಅಂತ ಅವರು ಅಂದದ್ದಕ್ಕೆ ಹಟ್ಟಿಯ ಯಜಮಾನರೂ ಒಪ್ಪಿದ್ದಾರೆ. ಎಲ್ಲರೂ ಖುಷಿಯಾಗಿದ್ದಾರೆ. ಬಾಲರಾಜುವೂ ಪಲ್ಲವಿಗೆ ಒಂದು ಫ್ರಾಕು ತಂದಿಟ್ಟಿದ್ದಾನೆ, ಹಳದಿ ಬಣ್ಣದ್ದು, ಸ್ವಲ್ಪ ದೊಡ್ಡದಾಗುತ್ತದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ ಅಂತಲೂ ನನಗೆ ಗೊತ್ತಿಲ್ಲ.

ಶನಿವಾರದ ಸಭೆಗೆ ಒಂದು ಸಲ ಹೋಗಿ ನೋಡೋಣ ಅಂದುಕೊಂಡಿದ್ದೇನೆ. ನಿನಗೂ ಬರಬೇಕು ಅನ್ನಿಸಿದರೆ ಹೊಸದುರ್ಗಕ್ಕೆ ಬಂದು ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುವ ಬಸ್ಸು ಹತ್ತು. ನಾನು ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಈ ಮನೆಯೂ ಅಲ್ಲದ ಆ ಮನೆಯೂ ಅಲ್ಲದ ಕಡೆ ಒಂದು ಲೋಟ ಟೀ ಕುಡಿಯುವಾ. ಬರಲಾಗದಿದ್ದರೆ ಬೇಜಾರಿಲ್ಲ. ಅತ್ತಿಗೆಗೆ ನನ್ನ ನೆನಪು ಹೇಳು. ಅಣ್ಣನಿಗೆ ನಮಸ್ಕಾರ, ಅವನು ತೆಗೆದುಕೊಂಡರೆ. ಪಲ್ಲವಿಯ ಎರಡು ಕೆನ್ನೆಗೂ ನನ್ನ ಮುತ್ತು. ನೀನು ಹೊಟ್ಟೆತುಂಬ ಉಂಡು, ನೆಮ್ಮದಿಯಾಗಿ ನಿದ್ದೆ ಮಾಡುವಂತಾಗಲಿ.

ನಿನ್ನ ಅತ್ತೆ,
ಯಲ್ಲಕ್ಕ

ತಾ.ಕ.: ಕವರಿಗೆ ಅಂಟು ಹಚ್ಚುವ ಮೊದಲು ಇದನ್ನು ಬರೆಯಲೇಬೇಕು, ಇಷ್ಟು ಹೊತ್ತೂ ಇದರ ಸುತ್ತಲೇ ಸುತ್ತುತ್ತಿದ್ದೆ. ಅಮಾವಾಸ್ಯೆ ಕಳೆದ ಮೇಲಿನ ಸೋಮವಾರ ಯಜಮಾನರು, ನಿನ್ನ ಮಾವ, ಬಾಲರಾಜು ಎಲ್ಲ ಸೇರಿ ಮಾಡದಕೆರೆಗೆ ಬರುತ್ತಾರೆ. ನನ್ನ ತವರಾದ್ದರಿಂದ ನಾನೇ ಮಾತಾಡಬೇಕಂತೆ, ಯಲ್ಲಕ್ಕ ಅಂದರೆ ಅಣ್ಣ ಇಲ್ಲ ಅನ್ನುವುದಿಲ್ಲ ಅಂತ ಅವರಿಗೆಲ್ಲ ಧೈರ್ಯ. ನಾನು ಹೂಂ ಅಂದಿದ್ದೇನೆ. ಅಲ್ಲಿ ಮಗ ತಲೆ ತಗ್ಗಿಸಿ ಕೂತಿದ್ದರೆ ನನ್ನ ಕರುಳು ನಿಲ್ಲುವುದಿಲ್ಲ, ನಾನು ನಿನ್ನ ಕೈ ಹಿಡಿದು ಬಾರಮ್ಮ ಅಂದೇ ಅನ್ನುತ್ತೇನೆ. ಆವಾಗ ನನ್ನ ಮಾತು ಕೇಳಬೇಡ, ಈ ಕಾಗದದ ಮಾತು ಕೇಳು. ಪಲ್ಲವಿಯನ್ನು ಅವತ್ತು ಹೊರಗೆ ತರಬೇಡ. ಬರಬೇಡ ಕೀರ್ತನಾ. ನಾನು ಅತ್ತು ಕರೆದರೂ ಬರಬೇಡ.